ಪಿಳ್ಳಮ್ಮನ ಮೂಗು

ಪಿಳ್ಳಮ್ಮನ ಮೂಗಿಗೆ ಎರಡೂ ಕಡೆ ಕೆಂಪು ಹರಳಿನ ಮೂಗುಬಟ್ಟು. ಮೂಗೂ ಏನು ಸಣ್ಣದಲ್ಲ. ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಆಕೆ ನಮ್ಮ ಕ್ರಾಸಿಗೆ ತಿರುಗಿದರೆ ಮೊದಲು ಕಾಣುತ್ತಿದ್ದದ್ದು ಬುಟ್ಟಿ, ಆಮೇಲೆ ಮೂಗು, ಆಮೇಲೆ ಪಿಳ್ಳಮ್ಮ. ಆ ಮೂಗಿನ ಬಗ್ಗೆ ಆಕೆಗೆ ವಿಪರೀತ ಹೆಮ್ಮೆ. ಒಂದು ಕಟ್ಟು ಕೊತ್ತಂಬರಿಯನ್ನು ಎತ್ತಿ, ಕಣ್ಣು ಮುಚ್ಚಿ ಮೂಸಿ, “ಇದು ಹೊಸಕೋಟೆ ಕಡೇದು. ನೆನ್ನೆ ಸಾಯಂಕಾಲ ಕಿತ್ತವ್ರೆ. ಬಾವಿ ನೀರು,” ಎಂದು ಹೇಳಿಬಿಡುತ್ತಿದ್ದಳು. ನಿಜವೋ ಸುಳ್ಳೋ, ಹೊಸಕೋಟೆಗೆ ಹೋಗಿ ನೋಡಿಬಂದವರು ಯಾರು? ಬೀದಿಯ ಹೆಂಗಸರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ನಾನು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕರಡು ತಿದ್ದುತ್ತಿದ್ದವನು. ಎಷ್ಟು ಸಾವಿರ ಮದುವೆಗಳ ಕಾಗುಣಿತ ಸರಿಮಾಡಿದೆನೋ ಲೆಕ್ಕವಿಲ್ಲ. ನನ್ನ ಮದುವೆ ಮಾತ್ರ ಅಚ್ಚಿಗೇ ಹೋಗಲಿಲ್ಲ. ಈಗ ನಿವೃತ್ತ. ಚಾಮರಾಜಪೇಟೆಯ ಹಳೆಯ ಮನೆಯೊಂದರ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಒಂದು ಒಲೆ, ಒಂದು ಮಂಚ, ರಸ್ತೆಗೇ ಇಳಿಯುವ ಎರಡು ಮೆಟ್ಟಿಲು. ಕೆಲಸ ಬಿಟ್ಟ ಮೇಲೆ ಒಂದು ವಿಷಯ ಗೊತ್ತಾಯಿತು. ನನ್ನ ಜೊತೆ ಮಾತಾಡುತ್ತಿದ್ದವರೆಲ್ಲ ಕರಡಿನ ಸಲುವಾಗಿ ಮಾತಾಡುತ್ತಿದ್ದರು. ಕರಡು ನಿಂತಿತು, ಮಾತೂ ನಿಂತಿತು. ಕೆಲವು ದಿನ ಸಂಜೆ ಹಾಲಿನ ಅಂಗಡಿಯಲ್ಲಿ “ಅರ್ಧ ಲೀಟರ್” ಎಂದಾಗ, ಅರೆ, ಇವತ್ತು ಬಾಯಿ ಬಿಟ್ಟಿದ್ದು ಇದೇ ಮೊದಲಲ್ಲವೇ ಎಂದು ನನಗೇ ಗಾಬರಿಯಾಗುತ್ತಿತ್ತು.

ಪಿಳ್ಳಮ್ಮ ಮಾತ್ರ ದಿನಾ ಮಾತಾಡುತ್ತಿದ್ದಳು. ಅದಕ್ಕೆ ಕಾರಣ ಬುಟ್ಟಿ. ತಲೆಯ ಮೇಲಿನ ತುಂಬಿದ ಬುಟ್ಟಿಯನ್ನು ಒಬ್ಬರೇ ಇಳಿಸುವುದಕ್ಕಾಗುವುದಿಲ್ಲ, ಎತ್ತುವುದಕ್ಕೂ ಆಗುವುದಿಲ್ಲ. ನಸುಕಿನಲ್ಲೇ ಮಾರ್ಕೆಟ್ಟಿನಿಂದ ಸೊಪ್ಪು ಹೊತ್ತು ಬರುವ ಆಕೆಗೆ ನನ್ನ ಮೆಟ್ಟಿಲೇ ಮೊದಲನೇ ನಿಲ್ದಾಣ. “ಒಂದು ಕೈ ಕೊಡಿ ಸಾಮಿ,” ಎಂದು ಕೂಗುತ್ತಿದ್ದಳು. ನಾನು ಪೇಪರ್ ಬದಿಗಿಟ್ಟು ಕೈ ಕೊಡುತ್ತಿದ್ದೆ. ಆಮೇಲೆ ಐದು ನಿಮಿಷ ಸುಧಾರಿಸಿಕೊಳ್ಳುತ್ತಾ ಆಕೆ ಕೂರುತ್ತಿದ್ದಳು, ನಾವಿಬ್ಬರೂ ಜಗಳವಾಡುತ್ತಿದ್ದೆವು.

ಜಗಳ ಬಹುತೇಕ ಅಕ್ಷರದ್ದೇ. ಆಕೆ ಕೊತ್ತಂಬರಿಗೆ “ಕೊತ್ಮಿರಿ” ಅನ್ನುವವಳು. ಕರಡು ತಿದ್ದಿದವನ ಕಿವಿ ಸುಮ್ಮನಿರುತ್ತದೆಯೇ?

“ಕೊತ್ಮಿರಿ ಅಲ್ಲ ಪಿಳ್ಳಮ್ಮ, ಕೊತ್ತಂಬರಿ.”

“ನೀವು ಅಂಗನ್ನಿ, ನಾನು ಇಂಗಂತೀನಿ. ಸಾರಿಗೆ ಬಿದ್ಮೇಲೆ ಎಲ್ಡೂ ಒಂದೇ.”

ಆಕೆಯ ಪ್ರಕಾರ ಕೊತ್ತಂಬರಿಯಲ್ಲಿ ನಾಲ್ಕು ಜಾತಿ. ಮೊದಲನೆಯದು ನಾಟಿ. ಗಿಡ್ಡ, ಸಣ್ಣ ಎಲೆ, ಬುಡದಲ್ಲಿ ಸ್ವಲ್ಪ ಕೆಂಪು. ಚಿವುಟಿದರೆ ಬೆರಳು ಸಂಜೆಯವರೆಗೆ ಘಮಘಮ. ಎರಡನೆಯದು ಫಾರಂ. ಉದ್ದಕ್ಕೆ, ಅಗಲ ಎಲೆ, ನೋಡುವುದಕ್ಕೆ ಚೆಂದ, ವಾಸನೆ ಸೊನ್ನೆ. “ನೀವು ಫಾರಂ ಸಾಮಿ,” ಎಂದು ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದಳು, “ಉದ್ದಕ್ಕೆ ಬೆಳ್ದಿದೀರ, ಘಮ ಇಲ್ಲ.” ಎಲಾ ಇವಳ! ಆ ದಿನವೆಲ್ಲ ಅದನ್ನೇ ನೆನೆಸಿಕೊಂಡು ನಕ್ಕೆ. ಮೂರನೆಯದು ಮಳೆ ಕುಡಿದ ಸೊಪ್ಪು, ಬೆಳಿಗ್ಗೆ ತಂದರೆ ಮಧ್ಯಾಹ್ನಕ್ಕೆ ಲೋಳೆ. ನಾಲ್ಕನೆಯದರ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದಳು: ಮೋರಿ ಸೊಪ್ಪು. ಊರಾಚೆ ಕೊಳಚೆ ನೀರು ಹಾಯಿಸಿ ಬೆಳೆದದ್ದು. “ಎಲ್ಲಾದಕ್ಕಿಂತ ಅದೇ ಅಸ್ರು ಇರ್ತದೆ. ಕಣ್ಣಿಗೆ ಗೊತ್ತಾಗಾಕಿಲ್ಲ ಸಾಮಿ, ಮೂಗಿಗೇ ಗೊತ್ತಾಗೋದು. ನನ್ನ ಬುಟ್ಟೀಲಿ ಒಂದಿನ ಅದು ಬಂದ್ರೆ ಅವತ್ತೇ ಯಾಪಾರ ಬುಟ್ಬುಡ್ತೀನಿ.”

ನನಗೆ ಒಂದು ಕಟ್ಟು ಪೂರ್ತಿ ಕೊಟ್ಟವಳೇ ಅಲ್ಲ. ಬಾಳೆನಾರು ಬಿಚ್ಚಿ, ಅರ್ಧ ಮಾಡಿ, “ಒಬ್ರಿಗೆ ಒಂದು ಕಟ್ಟು ಯಾಕೆ? ಕೊಳ್ಸಿ ಬಿಸಾಕಾಕಾ?” ಎನ್ನುತ್ತಿದ್ದಳು. ಅರ್ಧ ಕಟ್ಟಿನ ಮೇಲೆ ಎರಡು ಕಡ್ಡಿ ಕೊಸರು. ಬೇರು ಬಿಸಾಡಬೇಡಿ, ತೊಳೆದು ಸಾರಿಗೆ ಹಾಕಿ. ಬಿಸಿಲುಗಾಲದಲ್ಲಿ ಒಂದು ಚಮಚ ಬೀಜ ನೆನೆಹಾಕಿ ಬೆಳಿಗ್ಗೆ ನೀರು ಕುಡಿಯಿರಿ, ಉಷ್ಣ ಇಳಿಯುತ್ತದೆ. ಪಿತ್ತಕ್ಕೆ ಸೊಪ್ಪಿನ ಚಟ್ನಿ, ನೆಗಡಿಗೆ ಧನಿಯಾ ಕಷಾಯ. ಇವೆಲ್ಲ ಕೊಸರಿನ ಮೇಲಿನ ಕೊಸರು. ಒಂದು ಭಾನುವಾರ ಪೇಪರಿನಲ್ಲಿ ಕೊತ್ತಂಬರಿಯ ಉಪಯೋಗಗಳು ಎಂದು ಅರ್ಧ ಪುಟ ಬಂದಿತ್ತು. ಜೀರ್ಣಕ್ಕೆ ಒಳ್ಳೆಯದು, ವಿಟಮಿನ್ ಎ ಇದೆ, ಸಿ ಇದೆ, ಕೆ ಇದೆ ಎಂದು ಓದಿ ಹೇಳಿದೆ. ಪಿಳ್ಳಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು.

“ಅಂಗಾದ್ರೆ ಇಷ್ಟು ವರ್ಷ ನಾನು ಮೆಡಿಕಲ್ ಶಾಪ್ ತಲೆ ಮ್ಯಾಲೆ ಹೊತ್ಕೊಂಡು ತಿರುಗ್ತಿದ್ನಾ?” ಅಂದಳು. ಆಮೇಲೆ, “ಎಲ್ಲಾ ಬರ್ದವ್ರೆ, ಘಮ ಅಂತ ಮಾತ್ರ ಬರ್ದಿಲ್ಲ ನೋಡಿ,” ಎಂದು ಮೂಗು ಮುರಿದಳು.

ಕೊರೋನಾ ಬಂದು ಹೋಯಿತು. ಎರಡು ತಿಂಗಳು ಕಾಣದಿದ್ದ ಪಿಳ್ಳಮ್ಮ ಸೊರಗಿ, ಸೀರೆಯೊಳಗೆ ಅರ್ಧವಾಗಿ ಮರಳಿ ಬಂದಳು. ಬುಟ್ಟಿ ಇಳಿಸಿದೆ. ಎಂದಿನಂತೆ ಒಂದು ಕಟ್ಟು ಎತ್ತಿ ಮೂಗಿಗೆ ಹಿಡಿದಳು, ಕೆಳಗಿಟ್ಟಳು. ಇನ್ನೊಂದನ್ನು ಎತ್ತಿದಳು. ಆಮೇಲೆ ಅದನ್ನು ನನ್ನ ಕೈಗಿಟ್ಟು, “ನೀವೇ ನೋಡಿ ಸಾಮಿ,” ಅಂದಳು.

“ಯಾಕೆ, ನಿಮ್ಮ ಮೂಗೇನಾಯ್ತು?”

“ಬಾಗ್ಲಲ್ಲಿ ಇಬ್ರು ವಾಚ್‌ಮನ್ ನಿಂತವ್ರೆ,” ಎಂದು ಎರಡು ಮೂಗುಬಟ್ಟು ಮುಟ್ಟಿ ತೋರಿಸಿದಳು, “ಒಳಗೆ ಮನೆ ಖಾಲಿ.”

ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜ್ವರ ಬಿಟ್ಟಿತು, ವಾಸನೆ ಮಾತ್ರ ಬರಲೇ ಇಲ್ಲವಂತೆ. ಡಾಕ್ಟರು ಬರುತ್ತೆ ಕಾಯಿರಿ ಎಂದಿದ್ದಾರಂತೆ. ಬೀದಿಯಲ್ಲಿ ಗೊತ್ತಾದರೆ ಮುಗಿಯಿತು. ಮೂಗಿಲ್ಲದವಳ ಮಾತು ನಂಬಿ ಯಾರು ಸೊಪ್ಪು ತೆಗೆದುಕೊಳ್ಳುತ್ತಾರೆ? “ಯಾರ್ಗೂ ಯೋಳ್ಬೇಡಿ ಸಾಮಿ. ದಿನಾ ಒಂದು ಕಿತ ನೀವು ಮೂಸಿ ಯೋಳಿ, ಸಾಕು. ಮೋರಿದು ಬಂದ್ರೆ ವಾಪಸ್ ಮಾರ್ಕೆಟ್ಟಿಗೆ ಬಿಸಾಕಿ ಬರ್ತೀನಿ.”

ಅಂದಿನಿಂದ ನಾನು ಪಿಳ್ಳಮ್ಮನ ಮೂಗಾದೆ. ಮೊದಮೊದಲು ಆಕೆಯೇ ಕಲಿಸಿದಳು: ಎಲೆ ಅಲ್ಲ ಸಾಮಿ, ಬುಡ ಮೂಸಿ, ಉಸಿರು ಪೂರ್ತಿ ಬಿಟ್ಟು ಆಮೇಲೆ ಎಳ್ಕೊಳ್ಳಿ. ಎರಡು ಸಲ ಮೋರಿ ಸೊಪ್ಪು ಹಿಡಿದುಕೊಟ್ಟೆ. ಆ ಎರಡು ದಿನವೂ ಆಕೆ ಕೊತ್ತಂಬರಿ ಇಲ್ಲದೆ ಬರೀ ಪುದೀನ, ಸಬ್ಬಸಿಗೆ ಮಾರಿದಳು. ನನಗೋ, ಸತ್ಯ ಹೇಳುತ್ತೇನೆ, ಅಷ್ಟು ಸಂತೋಷ ಬೇರೆ ಯಾವ ಕೆಲಸದಲ್ಲೂ ಆಗಿರಲಿಲ್ಲ. ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ, ಶರ್ಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಂದು ಜೀವಕ್ಕೆ ನನ್ನಿಂದ ಏನೋ ಬೇಕಾಗಿತ್ತು.

ಹೀಗಿರುವಾಗ ಒಂದು ವಾರ ಜಿಟಿಜಿಟಿ ಮಳೆ ಹಿಡಿದು ನನಗೆ ನೆಗಡಿಯಾಯಿತು. ಸಣ್ಣಪುಟ್ಟದ್ದಲ್ಲ, ಎರಡೂ ಹೊಳ್ಳೆ ಕಟ್ಟಿ ಬಾಯಲ್ಲಿ ಉಸಿರಾಡುವಂಥದ್ದು. ಪಿಳ್ಳಮ್ಮ ಬಂದಳು. ಕೈ ಕೊಟ್ಟು ಬುಟ್ಟಿ ಇಳಿಸಿದೆ. ಕಟ್ಟು ಕೈಗೆ ಬಂತು. ಉಸಿರು ಪೂರ್ತಿ ಬಿಟ್ಟು ಎಳೆದುಕೊಂಡೆ. ಏನೂ ಇಲ್ಲ. ಕಾಗದ ಮೂಸಿದ ಹಾಗಿತ್ತು.

ಇವತ್ತು ಆಗಲ್ಲ ಪಿಳ್ಳಮ್ಮ, ಶೀತ ಅನ್ನಬಹುದಿತ್ತು. ನಾಲ್ಕೇ ಪದ. ಆದರೆ ಮೂಲೆಯ ಮೆಡಿಕಲ್ ಶಾಪಿನವನು ಆಗಲೇ ಷಟರ್ ಎತ್ತುತ್ತಿದ್ದ. ಇವಳು ಅವನ ಹತ್ತಿರ ಹೋಗುತ್ತಾಳೆ, ನಾಳೆಯಿಂದ ಅವನದೇ ಮೂಗಾಗುತ್ತದೆ ಅನ್ನಿಸಿಬಿಟ್ಟಿತು. ಅರವತ್ತೇಳು ವರ್ಷದ ಮನುಷ್ಯನಿಗೆ ಹೊಟ್ಟೆಕಿಚ್ಚು! ನಾಚಿಕೆಗೇಡು, ಆದರೂ ಹೇಳುತ್ತಿದ್ದೇನೆ.

“ಚೆದ್ದಾಗಿದೆ,” ಅಂದೆ.

ಪಿಳ್ಳಮ್ಮ ನನ್ನ ಮುಖವನ್ನೊಮ್ಮೆ ನೋಡಿದಳು. “ಚೆನ್ನಾಗೈತಾ? ಸರಿ ಬುಡಿ,” ಎಂದು ಬುಟ್ಟಿ ಎತ್ತಿಸಿಕೊಂಡು ಹೊರಟಳು.

ಎದುರು ಸಾಲಿನ ನಾಲ್ಕನೇ ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಆ ಮನೆಯ ಅಜ್ಜಿ ಎರಡು ಕಟ್ಟು ತೆಗೆದುಕೊಂಡು ಒಳಗೆ ಹೋದರು. ಪಿಳ್ಳಮ್ಮ ಪಕ್ಕದ ಮನೆಗೆ ಮೆಂತ್ಯ ಸೊಪ್ಪು ಎಣಿಸುತ್ತಿದ್ದಾಗ ಹೊರಗೆ ಬಂದು ಆ ಎರಡೂ ಕಟ್ಟನ್ನು ಬುಟ್ಟಿಗೆ ಬೀಸಿ ಒಗೆದರು.

“ಮೂಸಿ ನೋಡು ಇದನ್ನ! ಮೋರಿ ಸೊಪ್ಪು ತಂದು ಬಾಣಂತಿ ಮನೆಗೆ ಕೊಡ್ತೀಯಲ್ಲ, ನಾಚಿಕೆ ಆಗಲ್ವಾ? ಇಷ್ಟು ವರ್ಷ ನಾಟಿ ನಾಟಿ ಅಂತ ಇದನ್ನೇ ತಿನ್ನಿಸಿದ್ಯಾ ನಮಗೆ?”

ಬೀದಿಯ ಬಾಗಿಲುಗಳೆಲ್ಲ ತೆರೆದವು. ಪಿಳ್ಳಮ್ಮ ಆ ಕಟ್ಟನ್ನು ಎತ್ತಿ ಮೂಗಿಗೆ ಹಿಡಿದಳು, ಅಭ್ಯಾಸ ನೋಡಿ. ಆಮೇಲೆ ನನ್ನ ಮೆಟ್ಟಿಲಿನ ಕಡೆ ತಿರುಗಿದಳು. ನಾನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಪೇಪರಿನ ಆಚೆಯಿಂದ ಆಕೆಯ ದನಿ ಕೇಳಿಸಿತು: “ತಪ್ಪಾಯ್ತು ತಾಯಿ.” ಅಷ್ಟೇ. ಬುಟ್ಟಿ ಎತ್ತುವುದಕ್ಕೆ ನನ್ನನ್ನು ಕರೆಯಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಆಟೋದವನೊಬ್ಬ ಗಾಡಿ ನಿಲ್ಲಿಸಿ ಕೈ ಕೊಟ್ಟ.

ಮೂರು ದಿನ ಬರಲಿಲ್ಲ. ನಾನು ಮೂರು ದಿನವೂ ಶರ್ಟು ಹಾಕಿಕೊಂಡು ಕೂತಿದ್ದೆ. ಆ ಅಜ್ಜಿಯ ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ, ಎರಡು ಸಲವೂ ಬಿಟ್ಟೆ. ಹೇಡಿಗೆ ನೆಪಕ್ಕೇನು ಕಮ್ಮಿ? ಮೂಗು ಕಟ್ಟಿದೆ, ಮಾತು ಸರಿಯಾಗಿ ಬರುವುದಿಲ್ಲ ಎಂದುಕೊಂಡೆ.

ನಾಲ್ಕನೇ ದಿನ ಹೊತ್ತು ಏರಿದ ಮೇಲೆ ಬಂದಳು. ತಲೆಯ ಮೇಲೆ ಬುಟ್ಟಿ ಇಲ್ಲ. ಒಗೆದ ಸೀರೆ, ಕೈಯಲ್ಲೊಂದು ಕಾಗದದ ಪೊಟ್ಟಣ. ಬುಟ್ಟಿಯಿಲ್ಲದೆ ನಡೆದು ಬರುವ ಪಿಳ್ಳಮ್ಮನನ್ನು ನಾನು ನೋಡಿಯೇ ಇರಲಿಲ್ಲ; ಇಷ್ಟು ಗಿಡ್ಡವೇ ಈಕೆ ಅನ್ನಿಸಿತು. ಕೈ ಕೊಡುವುದಕ್ಕೆಂದು ಎದ್ದವನು ಸುಮ್ಮನೆ ನಿಂತೆ. ಆಕೆ ಎಂದಿನ ಜಾಗದಲ್ಲಿ ಕೂತು ಪೊಟ್ಟಣವನ್ನು ನನ್ನ ಮುಂದೆ ಇಟ್ಟಳು.

“ಧನಿಯಾ ಐತೆ, ಚೂರು ಜೀರಿಗೆ ಹಾಕಿವ್ನಿ. ಹುರ್ದು, ಕುಟ್ಟಿ, ಬೆಲ್ಲ ಹಾಕಿ ಕುದ್ಸಿ ಕುಡೀರಿ. ನೆಗಡಿ ಬುಡ್ತದೆ.”

ನಾನು ಪೊಟ್ಟಣ ಕೈಗೆತ್ತಿಕೊಂಡೆ. “ಪಿಳ್ಳಮ್ಮ, ಅವತ್ತು ನನಗೆ ವಾಸನೆ ಬರ್ತಿರ್ಲಿಲ್ಲ. ಸುಳ್ಳು ಹೇಳ್ಬಿಟ್ಟೆ.”

“ಗೊತ್ತು ಬುಡಿ. ನಂದು ಮೂಗು ಓಗಿರೋದು, ಕಿವಿ ಓಗಿಲ್ಲ. ನನ್ನ ಕೊತ್ಮಿರಿ ತಿದ್ದೋರು ನೀವು, ‘ಚೆದ್ದಾಗಿದೆ’ ಅಂದ್ರಿ.”

“ಗೊತ್ತಿದ್ದೂ ಯಾಕೆ ತಗೊಂಡು ಹೋದ್ರಿ?”

“ಮಾರ್ಕೆಟ್ಟಲ್ಲಿ ಕೊಟ್ಟೋಳು ಗುರ್ತಿನೋಳು, ಒಳ್ಳೇದೇ ಇರ್ತದೆ ಅಂದ್ಕೊಂಡೆ. ನಿಮ್ಮುಂದೇನೇ ಇನ್ನೊಬ್ರ ಕೈಗೆ ಕೊಟ್ಟು ಮೂಸ್ಸಿದ್ರೆ ನೀವು ಒಳಕ್ಕೋಗಿ ಬಾಗ್ಲು ಆಕ್ಕೊಂಬುಡ್ತಿದ್ರಿ ಸಾಮಿ. ದಿನಕ್ಕೆ ನಾಕು ಮಾತಾಡೋ ಮನ್ಷ. ಅದನ್ನೂ ಕಿತ್ಕೊಳ್ಳಾದಾ?”

ಅಜ್ಜಿಯ ಮನೆಗೆ ಈಗಲೇ ಹೋಗಿ ಹೇಳುತ್ತೇನೆ ಎಂದು ಎದ್ದೆ. ಆಕೆ ಕೂರಿಸಿದಳು. ತಾನೇ ಬೆಳಿಗ್ಗೆಯಿಂದ ಮನೆಮನೆಗೂ ಹೋಗಿ ಹೇಳಿ ಬಂದಳಂತೆ: ಮೂಗು ಹೋಗಿದೆ ತಾಯಿ, ಬೇಕೂಂತ ಮಾಡಿದ್ದಲ್ಲ, ಇನ್ನು ಸೊಪ್ಪು ತರುವುದಿಲ್ಲ. “ನಿಮ್ಮ ಎಸ್ರು ಯೋಳ್ಲಿಲ್ಲ,” ಅಂದಳು.

“ವ್ಯಾಪಾರ ಯಾಕೆ ಬಿಡ್ತೀರಿ? ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ?”

ಪಿಳ್ಳಮ್ಮ ಜೋರಾಗಿ ನಕ್ಕಳು. “ಗಾದೆ ತಿದ್ಕೊಳ್ಳಿ ಸಾಮಿ. ನೆಗಡಿ ನಿಮಗೆ ಬಂತು, ಮೂಗು ನಂದು ಓಯ್ತು.”

ಆಕೆ ನಕ್ಕಳು, ನಾನು ನಗಲಿಲ್ಲ. ತಂಗಿಯ ಊರು ದೇವನಹಳ್ಳಿ ಕಡೆ. ಅಲ್ಲಿ ಹೂ ಕಟ್ಟುವ ಕೆಲಸವಿದೆಯಂತೆ. ಹೂ ಕಟ್ಟುವುದಕ್ಕೆ ಮೂಗು ಬೇಡ, ಬೆರಳಿದ್ದರೆ ಸಾಕು ಅಂದಳು. ಎದ್ದು ನಿಂತು ಸೀರೆ ಕೊಡವಿಕೊಂಡು, “ಬತ್ತೀನಿ ಸಾಮಿ. ಯಾರ ಜೊತೇಲಾದ್ರೂ ಮಾತಾಡಿ,” ಎಂದು ಕ್ರಾಸಿನ ತುದಿಯವರೆಗೆ ಖಾಲಿ ತಲೆಯಲ್ಲಿ ನಡೆದುಹೋದಳು. ಅಭ್ಯಾಸಬಲದಿಂದ ಕತ್ತು ಮಾತ್ರ ನೆಟ್ಟಗೇ ಇತ್ತು. ಆಮೇಲೆ ಆಕೆಯನ್ನು ನೋಡಿಲ್ಲ.

ಕಷಾಯ ಕುಡಿದೆ, ನೆಗಡಿ ಬಿಟ್ಟಿತು. ಈಗ ನಮ್ಮ ಬೀದಿಗೆ ಮೈಕು ಕಟ್ಟಿದ ಸೊಪ್ಪಿನ ಗಾಡಿ ಬರುತ್ತದೆ. ರೆಕಾರ್ಡು ಮಾಡಿದ ಹೆಂಗಸಿನ ದನಿ, “ಕೊತ್ತಂಬರಿ, ಪುದೀನ, ಸಬ್ಬಸಿಗೆ” ಎಂದು ಒಂದಕ್ಷರವೂ ತಪ್ಪದೆ ಕೂಗುತ್ತದೆ. ತಿದ್ದುವುದಕ್ಕೆ ಏನೂ ಇಲ್ಲ. ಗಾಡಿಯವನಿಗೆ ಇಳಿಸಿಕೊಳ್ಳುವುದಕ್ಕೆ ಕೈಯೂ ಬೇಡ, ಮೂಸಿ ಹೇಳುವುದಕ್ಕೆ ಮೂಗೂ ಬೇಡ. ಆದರೂ ಒಂದು ದಿನ ಮೆಟ್ಟಿಲಿಳಿದು ಹೋದೆ. ಯಾರ ಜೊತೆಗಾದರೂ ಮಾತಾಡಿ ಅಂದಿದ್ದಳಲ್ಲ.

“ಅರ್ಧ ಕಟ್ಟು ಕೊತ್ಮಿರಿ ಕೊಡಪ್ಪ,” ಅಂದೆ.

“ಅರ್ಧ ಎಲ್ಲಾ ಕೊಡಲ್ಲ ಸಾರ್. ಕೊತ್ತಂಬರಿ ತಾನೇ?”

“ಅಲ್ಲ,” ಅಂದೆ, “ಕೊತ್ಮಿರಿ.”

ಅವನು ನನ್ನ ಮುಖ ನೋಡಿ, ಇದು ಯಾವುದೋ ಬೇರೆ ಸೊಪ್ಪಿರಬೇಕು ಎಂದುಕೊಂಡು, “ಅದು ಬರಲ್ಲ ಸಾರ್,” ಎಂದು ಗಾಡಿ ಮುಂದಕ್ಕೆ ತಳ್ಳಿದ.