ನಾಲ್ಕು ಜಿಬಿಗೆ ಬಲಿಯಾದ ಶಿರಹಟ್ಟಿ

ಗೆಳೆಯರೇ, ಕಂಪ್ಯೂಟರಿನ ಮೆಮೊರಿ ಎಷ್ಟಿದೆ ಎಂದು ನೋಡುವುದಿದ್ದರೆ ನೋಡಿ. ಆದರೆ ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಡಿ.

ಸೀರೆಯಂಚಿನ ಡಿಸೈನು ತೆರೆದರೆ ಸಾಕು, ನಮ್ಮ ಬೆಟಗೇರಿ ಮನೆಯ ಕಂಪ್ಯೂಟರು ಕೈಕಟ್ಟಿ ಕೂರುತ್ತಿತ್ತು. ಇವತ್ತು ಬೆಳಿಗ್ಗೆ ಸೆಟ್ಟಿಂಗಿನಲ್ಲಿ ನೋಡಿ, ‘ಇದರ ಮೆಮೊರಿ ನಾಲ್ಕ ಜಿಬಿ ಐತಿ, ಎಲ್ಲಿ ಸಾಲಬೇಕು!’ ಎಂದೆ. ಚಹಾ ಕುಡಿದು ಬರುವಷ್ಟರಲ್ಲಿ ನನ್ನ ಹೆಂಡತಿ ಶಾರದಾ ಫೋಟೋಗಳನ್ನು ಅಳಿಸಿ ಕೂತಿದ್ದಳು.

‘ಜಾಗಾ ಮಾಡೇನ್ರಿ. ಈಗ ಓಡಸ್ರಿ.’

ಶಿರಹಟ್ಟಿಯ ನಮ್ಮ ಅಕ್ಕನ ಮನೆಯವರು ಒಬ್ಬರೂ ಉಳಿದಿರಲಿಲ್ಲ. ಮುಂಡರಗಿಯ ಶಾರದಾಳ ತವರಿನವರು ಮಾತ್ರ, ಎಮ್ಮೆಯ ಸಮೇತ, ಇದ್ದಲ್ಲೇ ಇದ್ದರು.

‘ಆ ಮೆಮೊರಿ ಬ್ಯಾರೆ, ಇದು ಬ್ಯಾರೆ ನಮ್ಮವ್ವಾ! ಅದು ಕೆಲಸಾ ಮಾಡೋ ಮಗ್ಗ ಇದ್ದಂಗ, ಇದು ಫೋಟೋ ಇಡೋ ಟ್ರಂಕ್ ಇದ್ದಂಗ. ಟ್ರಂಕಿನ್ಯಾಗಿನ ಸೀರಿ ತಗದ್ರ ಮಗ್ಗ ದೊಡ್ಡದಾಗತೈತೇನು?’

ನೇಕಾರರ ಮನೆಯ ಸೊಸೆ, ತಕ್ಷಣ ತಿಳಿಯಿತು. ‘ಹೌದಲ್ರಿ!’ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ನಮ್ಮ ಮದುವ್ಯಾಗ ನಿಮ್ಮ ಅಕ್ಕಾರು, ನನ್ನ ಸೀರಿ ಸೆರಗು ಗಿಡ್ಡ ಐತಿ ಅಂತ ಮಾರಿ ಊದಿಸಿಕೊಂಡು ನಿಂತಿದ್ರಲ್ಲ, ಆ ಫೋಟೋನೂ ಹೋತೇನ್ರಿ?’

ಅಳಿಸಿದ್ದರ ಪಟ್ಟಿ ತೆರೆದು ನೋಡಿದೆ. ಮೊದಲು ಹೋಗಿದ್ದೇ ಅದು.

ಈಗ ಕಂಪ್ಯೂಟರಿನ ಕಸದ ಬುಟ್ಟಿಯಿಂದ ಅಕ್ಕನ ಸಂಸಾರವನ್ನು ಒಬ್ಬೊಬ್ಬರಾಗಿ ಎತ್ತಿ ತರುತ್ತಿದ್ದೇನೆ. ಕಂಪ್ಯೂಟರಿನ ಮೆಮೊರಿ ನಾಲ್ಕು ಜಿಬಿ ಎಂದು ತಿಳಿದಾಯಿತು. ಶಾರದಾಳದು ಎಷ್ಟೆಂದು ನೋಡುವ ಧೈರ್ಯ ನನಗಿಲ್ಲ.