ಇಂದೂಬಾಯಿ ಬರೆದ ಬಳ್ಳಿ

ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುವ ಇಂದೂ ಕಟಗೇರಿಯ ವಿದ್ವತ್ತೆಲ್ಲ ಹುಟ್ಟಿದ್ದು ಕಳುವಾಗದ ಒಂದು ಪರ್ಸಿನಿಂದ. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಅಪ್ಪ ಧಾರವಾಡದಿಂದ ಬಂದು ಖಡಕಿಯಲ್ಲಿ ನೌಕರಿ ಹಿಡಿದವರು. ಮನೆಯೊಳಗೆ ಧಾರವಾಡದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಚೀಲಕ್ಕೆ ಕೈಹಾಕಿದರೆ ಪರ್ಸು ಇಲ್ಲ. ಅಲ್ಲಿದ್ದ ಪೊಲೀಸರಿಗೆ ಹೇಳಿದಳು. ಅರ್ಧ ಗಂಟೆಯೊಳಗೆ ಅವರು ಐದು ಹೆಂಗಸರನ್ನು ಹಿಡಿದು ತಂದು, ಗೋಡೆಗೆ ಸಾಲಾಗಿ ನಿಲ್ಲಿಸಿ, ಇವರಲ್ಲಿ ಯಾರು ಎಂದು ಕೇಳಿದರು. ಯಾರೂ ಅಲ್ಲ ಎನ್ನುವ ಧೈರ್ಯ ಅವಳಿಗಿರಲಿಲ್ಲ. ಇಷ್ಟು ಚುರುಕಾಗಿ ಓಡಾಡಿದವರಿಗೆ ಇಲ್ಲ ಎಂದರೆ ಮರ್ಯಾದೆಯಲ್ಲ ಎಂದೂ ಅನ್ನಿಸಿತು. ಒಳ್ಳೆಯ ಮನೆತನದ ಹುಡುಗಿಯರಿಗೆ ಇಂಥ ಮರ್ಯಾದೆ ಬಹಳ. ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದವಳ ಕಡೆ ಬೆರಳು ಮಾಡಿ, "ಇವಳಿರಬಹುದು" ಎಂದುಬಿಟ್ಟಳು.

"ಯವ್ವಾ, ನನ್ನ ಮಾರಿ ಇನ್ನೊಮ್ಮೆ ನೋಡ್ರಿ," ಎಂದು ಆ ಹೆಂಗಸು ಕೂಗಿದ್ದು ಗದಗ ಕಡೆಯ ಕನ್ನಡದಲ್ಲಿ. ಇಂದೂ ನೋಡಲಿಲ್ಲ.

ಮೂರನೆಯ ದಿನ ದರ್ಜಿ ಪರ್ಸನ್ನು ಮನೆಗೇ ತಂದುಕೊಟ್ಟ. ರವಿಕೆಯ ಅಳತೆ ಕೊಡುವಾಗ ಅವನ ಅಂಗಡಿಯಲ್ಲೇ ಬಿಟ್ಟುಬಂದಿದ್ದಳು. ಎದ್ದೆನೋ ಬಿದ್ದೆನೋ ಎಂದು ಠಾಣೆಗೆ ಓಡಿದಳು. ಹವಾಲ್ದಾರ ನಕ್ಕು, "ಇದಲ್ಲದಿದ್ದರೆ ಇನ್ನೊಂದು ಮಾಡಿಯೇ ಇರುತ್ತಾಳೆ ಬಿಡಿ, ಅವರ ಜಾತಿಯೇ ಅಂಥದ್ದು" ಎಂದ. ಎಂಟು ದಿನ ಕಳೆದ ಮೇಲೆ ಆ ಹೆಂಗಸನ್ನು ಬಿಟ್ಟರು. ಅವಳ ಹೆಸರು ನಾಗವ್ವ. ಕಂಕುಳಲ್ಲಿದ್ದ ಕೂಸು ಮಾಂತು.

ಆ ಜಾತಿಯ ಹೆಸರು ಇಲ್ಲಿ ಬೇಡ. ಯಾಕೆ ಬೇಡವೆಂಬುದು ಓದುತ್ತ ಹೋದಂತೆ ತಿಳಿದೀತು. ಬ್ರಿಟಿಷರು ಹುಟ್ಟುಗಳ್ಳರೆಂದು ಕಾಗದದಲ್ಲಿ ಬರೆದಿಟ್ಟ ಜನ ಅವರು. ಅವರ ಗಂಡಸರು ವಾರಕ್ಕೊಮ್ಮೆ ಠಾಣೆಗೆ ಹೋಗಿ, ನಾನು ಊರಲ್ಲೇ ಇದ್ದೇನೆ ಎಂದು ಹಾಜರಿ ಹಾಕಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಆ ಕಾನೂನನ್ನು ಹೊಡೆದುಹಾಕಿತು. ಠಾಣೆಗಳ ಕಣ್ಣಿನಿಂದ ಅದನ್ನು ಅಳಿಸುವವರು ಮಾತ್ರ ಹುಟ್ಟಲಿಲ್ಲ.

ಇಂದೂ ಯೆರವಡಾ ಜೈಲಿನ ಹತ್ತಿರದ ವಸ್ತಿಯಲ್ಲಿ, ತಗಡಿನ ಮನೆಗಳ ಆ ಕೇರಿಯಲ್ಲಿ, ನಾಗವ್ವನ ಮನೆ ಹುಡುಕಿಕೊಂಡು ಹೋಗಿ ಕೈಮುಗಿದಳು. ನಾಗವ್ವ ಅವಳನ್ನು ಬಯ್ಯಲಿಲ್ಲ. "ನೀವು ಬೆರಳು ಮಾಡದಿದ್ರೂ ಒಳಗ ಹಾಕ್ತಿದ್ರು, ಬಾಯಾರ. ನಿಮ್ಮ ಬೆರಳು ಬರೇ ಒಂದು ನೆವ. ಕುಂದರ್ರಿ, ಚಾ ಕುಡೀರಿ." ಆ ಚಾ ಮೂವತ್ತು ವರ್ಷ ನಡೆಯಿತು. ಇಂದೂ ಅಲ್ಲೇ ಕೂತು ಪಿಎಚ್‌.ಡಿ. ಮಾಡಿದಳು, ಪ್ರಬಂಧ ಬರೆದಳು, ಪರದೇಶಗಳಿಗೆ ಹೋಗಿ ಭಾಷಣ ಮಾಡಿ ಬಂದಳು. ಯಾವುದಾದರೂ ಕಳವಾದರೆ ಪೊಲೀಸರು ಮೊದಲು ಹೋಗುವುದು ಯಾವ ವಸ್ತಿಗೆ, ಯಾರನ್ನು ಹಿಡಿಯುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಪಟ್ಟಿ ಹಾಕಿ ಒಂದು ಪುಸ್ತಕದಲ್ಲಿ ತೋರಿಸಿದವಳು ಅವಳು. ವಕೀಲರು ಜಾಮೀನಿನ ಅರ್ಜಿಗಳಿಗೆ ಅವಳ ಪುಸ್ತಕದ ಪುಟಗಳನ್ನು ಲಗತ್ತಿಸುತ್ತಿದ್ದರು. ಹತ್ತಾರು ಜನ ಅದರಿಂದ ಹೊರಗೆ ಬಂದಿದ್ದರು. ಆ ಪುಸ್ತಕದ ಬಗ್ಗೆ ಅವಳಿಗೆ ಜಂಬವಿತ್ತು. ಇರಲಿ, ಇರಬೇಕಾದದ್ದೇ.

ನಾಗವ್ವನ ಜನರಲ್ಲಿ ಒಂದು ಪದ್ಧತಿ. ಹೆಣ್ಣು-ಗಂಡು ಗೊತ್ತುಮಾಡುವ ಮೊದಲು ಎರಡೂ ಕಡೆಯ ಹಿರಿಯರು ಕೂರುತ್ತಾರೆ. ಮನೆಯ ಹಿರಿಯ ಹೆಂಗಸು ಬಳ್ಳಿ ಹೇಳುತ್ತಾಳೆ. ಬಳ್ಳಿಯೆಂದರೆ ಏಳು ತಲೆಮಾರು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಅವಳ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಈಗ ಎಲ್ಲಿದ್ದಾರೆ, ಎಲ್ಲವೂ ಬಾಯಿಪಾಠ. ರಕ್ತ ರಕ್ತಕ್ಕೆ ಕೂಡಬಾರದೆಂದು ಈ ಎಚ್ಚರ. ಬಳ್ಳಿ ಹೇಳುವಾಗ ಹೊರಗಿನವರು ಕೂರುವಂತಿಲ್ಲ. ಕೂತದ್ದು ಇಂದೂ ಒಬ್ಬಳೇ. "ಬಾಯಾರು ನಮ್ಮಾಕಿ," ಎಂದು ನಾಗವ್ವ ಹಿರಿಯರ ಬಾಯಿ ಮುಚ್ಚಿಸಿದ್ದಳು.

ಇಂದೂ ಆ ಬಳ್ಳಿಯನ್ನು ತನ್ನ ಶಾಸ್ತ್ರದ ರೀತಿಯಲ್ಲಿ ನಕ್ಷೆ ಮಾಡಿದಳು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಜೋಡಿಗೆರೆ. ನಾಗವ್ವನಿಗೆ ತೋರಿಸಿ, "ಇದು ನೀನು" ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ರಿ ಬಾಯಾರ, ನನ್ನ ರೊಟ್ಟಿ ಮಾಡೀರಲ್ಲ!"

ನಕ್ಷೆ ಪುಸ್ತಕದ ಕೊನೆಯ ಪುಟವಾಯಿತು. ಶಾಸ್ತ್ರದ ನಿಯಮದಂತೆ ಇಂದೂ ಎಲ್ಲರ ಹೆಸರನ್ನೂ ಬದಲಿಸಿದಳು. ಊರುಗಳನ್ನು ಮಾತ್ರ ಬದಲಿಸಲಿಲ್ಲ. ಯಾಕೆಂದರೆ ಅವಳ ವಾದವೆಲ್ಲ ಊರುಗಳ ಮೇಲೇ ನಿಂತಿತ್ತು. ಕಳವಿನ ಸುದ್ದಿ ಬಂದ ಕೂಡಲೇ ವಸ್ತಿಯ ಗಂಡಸರು ಹೆಂಡತಿಯ ಕಡೆಯ ನೆಂಟರ ಊರಿಗೆ ಹೋಗಿ ನಾಲ್ಕು ದಿನ ಇರುತ್ತಾರೆ. ತಪ್ಪು ಮಾಡಿ ಅಲ್ಲ, ಹೆದರಿ. ಹಾಗೆಂದು ಅವಳು ಒಂದು ಅಧ್ಯಾಯವನ್ನೇ ಬರೆದಿದ್ದಳು. ಬರೆಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಓದುವವರೆಲ್ಲರ ಕಣ್ಣಲ್ಲೂ ಇರುತ್ತದೆಂದು ಅವಳು ನಂಬಿದ್ದಳು.

ಕಳೆದ ವರ್ಷ ವಸ್ತಿಯ ಹಿಂದಿನ ಒಂದು ಬಂಗಲೆಯಲ್ಲಿ ಕಳವಾಯಿತು. ಟೆಂಪೊ ಓಡಿಸಿಕೊಂಡಿದ್ದ ಮಾಂತು ರೂಢಿಯಂತೆ ಎರಡು ಜೊತೆ ಬಟ್ಟೆ ಕಟ್ಟಿಕೊಂಡು ಕುರಕುಂಭಕ್ಕೆ ಹೋದ. ಅಲ್ಲಿ ಅವನ ಷಡ್ಡಕ ರಾಸಾಯನಿಕ ಕಾರ್ಖಾನೆಯಲ್ಲಿ ಡ್ರಮ್ಮು ತೊಳೆಯುತ್ತಾನೆ. ಹಿಂದೆಲ್ಲ ಪೊಲೀಸರು ವಸ್ತಿಗೆ ಬಂದು, ಕೂಗಾಡಿ, ಸಿಕ್ಕವರನ್ನು ಒಯ್ಯುತ್ತಿದ್ದರು. ಈ ಸಲ ವಸ್ತಿಗೆ ಬರಲೇ ಇಲ್ಲ. ಮರುದಿನ ಬೆಳಿಗ್ಗೆ ಸೀದಾ ಕುರಕುಂಭದ ಆ ಮನೆಯ ಬಾಗಿಲು ಬಡಿದರು.

ಇಂದೂ ವಿಷಯ ತಿಳಿದು ಓಡಿಬಂದಾಗ ನಾಗವ್ವ ಬಾಗಿಲಲ್ಲೇ ಕೂತಿದ್ದಳು. ಅಲ್ಲಿಂದ ಜೈಲಿನ ಗೋಡೆ ಕಾಣುತ್ತದೆ. ಮಗ ಈಗ ಅದರಾಚೆ ಇದ್ದ.

"ಬಾಯಾರ, ಒಂದು ಮಾತು ಕೇಳ್ಲ್ಯಾ?" ಎಂದಳು ನಾಗವ್ವ. "ನನ್ನ ಸೊಸಿ ತಂಗಿ ಕಣ್ಣಾರೆ ನೋಡ್ಯಾಳ. ಪೊಲೀಸರ ಕೈಯಾಗ ಒಂದು ಕಾಗದ ಇತ್ತಂತ. ಅದರಾಗ ರೊಟ್ಟಿ ಇದ್ದುವಂತ."

ಇಂದೂಗೆ ತನ್ನ ನಕ್ಷೆಯ ವೃತ್ತಗಳು ಕಣ್ಣಿಗೆ ಕಟ್ಟಿದವು. "ನಾನು ಬಿಡಿಸಿಕೊಂಡು ಬರ್ತೀನಿ, ನಾಗವ್ವಾ," ಎಂದಳು. ನಾಗವ್ವ ಜೈಲಿನ ಗೋಡೆಯ ಕಡೆ ತಿರುಗಿದಳು.

ತನಿಖೆಯ ಅಧಿಕಾರಿ ವಿನೀತ ಎಂಬ ತರುಣ. ಸೋಲಾಪುರದವನು, ಪೊಲೀಸ್ ತರಬೇತಿಯಲ್ಲಿ ಇಂದೂ ವರ್ಷಕ್ಕೊಮ್ಮೆ ಕೊಡುವ ಉಪನ್ಯಾಸಕ್ಕೆ ಮುಂದಿನ ಸಾಲಿನಲ್ಲಿ ಕೂತಿದ್ದವನು. ಅವಳನ್ನು ಕಂಡದ್ದೇ ಎದ್ದು ಬಂದು ಕಾಲು ಮುಟ್ಟಿದ.

"ಮ್ಯಾಡಮ್, ನಿಮ್ಮ ಪುಸ್ತಕ ನಮಗ ಭಾಳ ಉಪಯೋಗ ಆತ್ರಿ," ಎಂದ. ಅವನ ಮುಖದಲ್ಲಿ ಕೊಂಕು ಹುಡುಕಿದರೂ ಸಿಗಲಿಲ್ಲ. "ಮೊದಲ ನಾವು ಇಡೀ ವಸ್ತಿ ಎಬ್ಬಸ್ತಿದ್ವಿ. ಹೆಣ್ಮಕ್ಕಳು, ಹುಡುಗ್ರು ಎಲ್ಲಾ ಅಳೂದು. ನೀವ ಕ್ಲಾಸಿನಾಗ ಅದು ತಪ್ಪು ಅಂದಿದ್ರಿ. ಈಗ ನೋಡ್ರಿ, ಯಾರಿಗೂ ತ್ರಾಸಿಲ್ಲ. ನಿಮ್ಮ ನಕ್ಷಾದಾಗ ಹೆಸರು ಬದಲಿ ಇದ್ರೂ ಊರು ಖರೇನ ಅದಾವಲ್ರಿ, ಸೀದಾ ಬೇಕಾದ ಮನಿಗೆ ಹೋಗ್ತೀವಿ."

"ಮಾಂತು ಕಳ್ಳ ಅಂತ ಯಾರು ಹೇಳಿದ್ರು?"

"ಕಳ್ಳ ಅಲ್ಲದಿದ್ರ ಯಾಕ ಓಡಿಹೋದ? ನೀವ ಬರದೀರಲ್ರಿ, ನೂರಾ ಹದಿನಾಲ್ಕನೇ ಪುಟದಾಗ. ಕಳವಾದ ಮ್ಯಾಲೆ ಹೆಂಡ್ತಿ ಕಡೆ ಊರಿಗೆ ಹೋಗ್ತಾರ ಅಂತ." ಮೇಜಿನ ಮೇಲೆ ಅವಳ ಪುಸ್ತಕವಿತ್ತು. ಅಂಚಿನಲ್ಲಿ ಹಳದಿ ಚೀಟಿಗಳು ಇಣುಕುತ್ತಿದ್ದವು. ಅವಳ ಯಾವ ವಿದ್ಯಾರ್ಥಿಯೂ ಆ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ. ಅವನು ಅವಳಿಗೆ ಚಹಾ ತರಿಸಿದ, ಅವಳು ಕುಡಿಯಲಿಲ್ಲ.

ಮಾಂತುವಿನ ವಕೀಲೆ ಶರ್ವರಿ ಜಾಮೀನಿನ ಅರ್ಜಿಗೆ ಎಂದಿನಂತೆ ಇಂದೂಳ ಪುಸ್ತಕವನ್ನೇ ಲಗತ್ತಿಸಿದ್ದಳು: ಪೊಲೀಸರು ಜಾತಿ ನೋಡಿ ಹಿಡಿಯುತ್ತಾರೆ ಎಂಬುದಕ್ಕೆ ಸಾಕ್ಷಿಯಾಗಿ. ಪೊಲೀಸರೂ ಜಾಮೀನು ಬೇಡವೆನ್ನಲು ಅದೇ ಪುಸ್ತಕವನ್ನು ಲಗತ್ತಿಸಿದ್ದರು: ಈ ಕುಟುಂಬ ಹೀಗೇ ತಲೆಮರೆಸಿಕೊಳ್ಳುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ. ನ್ಯಾಯಾಧೀಶರ ಎಡಕ್ಕೊಂದು ಬಲಕ್ಕೊಂದು ಒಂದೇ ಹೊದಿಕೆಯ ಎರಡು ಪುಸ್ತಕ. ಶರ್ವರಿ ಮುಚ್ಚುಮರೆಯಿಲ್ಲದೆ ಹೇಳಿದಳು: ಪುಸ್ತಕ ನಿಜವೆಂದರೆ ಮಾಂತು ಒಳಗೇ ಇರುತ್ತಾನೆ, ತಪ್ಪೆಂದು ಪ್ರಮಾಣಪತ್ರ ಕೊಟ್ಟರೆ ಅವನಿಗೆ ಉಪಯೋಗವಾದೀತು, ಆದರೆ ಮುಂದೆ ಇನ್ಯಾರಿಗೂ ಈ ಪುಸ್ತಕ ಕೆಲಸಕ್ಕೆ ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ.

ಪುಸ್ತಕವನ್ನೇ ಹಿಂತೆಗೆಯೋಣವೆಂದು ಇಂದೂ ಪ್ರಕಾಶಕರಿಗೆ ಬರೆದಳು. ಅದು ಎಲ್ಲರ ಫೋನಿನಲ್ಲಿ ಓಡಾಡುತ್ತಿದೆ, ಹಿಂತೆಗೆಯುವುದು ಎಲ್ಲಿಂದ ಎಂದು ಅವರು ಉತ್ತರಿಸಿದರು. ಜೊತೆಗೆ ಮೂರನೆಯ ಮುದ್ರಣಕ್ಕೆ ಅಭಿನಂದನೆಯನ್ನೂ ಹೇಳಿದರು.

"ನಿನ್ನ ನಕ್ಷಾ ಖರೇನ ತಪ್ಪು ಅದ ಏನು?" ಎಂದು ಗಂಡ ಮಧುಕರ ಕೇಳಿದ. ಅವನು ಪಿಂಪ್ರಿಯ ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ಅಳತೆ ಪರೀಕ್ಷಿಸುವವನು. ಕೂದಲೆಳೆ ಹೆಚ್ಚುಕಡಿಮೆಯಾದರೂ ಹಿಂದಕ್ಕೆ ಕಳಿಸುವ ಮನುಷ್ಯ.

"ಒಂದ ಗೆರಿನೂ ತಪ್ಪಿಲ್ಲ. ಅದ ನನ್ನ ಗ್ರಹಚಾರ," ಎಂದಳು ಇಂದೂ.

ಮರುದಿನ, ನನ್ನ ಪುಸ್ತಕದ ವಂಶದ ನಕ್ಷೆ ತಪ್ಪು, ನಂಬಲು ಯೋಗ್ಯವಲ್ಲ, ಎಂದು ಪ್ರಮಾಣ ಮಾಡಿ ಸಹಿ ಹಾಕಿದಳು. ಇಪ್ಪತ್ತೆರಡರಲ್ಲಿ ಆಡಿದ ಸುಳ್ಳಿಗೆ ಐವತ್ತೆರಡರಲ್ಲಿ ಇನ್ನೊಂದು ಸುಳ್ಳು. ನ್ಯಾಯಾಧೀಶರು ಅದನ್ನು ಓದಿ, ಲೇಖಕಿಗೆ ಆರೋಪಿಯ ಮನೆಯವರಲ್ಲಿ ಮಮತೆ ಇದ್ದಂತೆ ಕಾಣುತ್ತದೆ ಎಂದು ಪಕ್ಕಕ್ಕಿಟ್ಟರು. ವಿಶ್ವವಿದ್ಯಾಲಯ ವಿವರಣೆ ಕೇಳಿ ನೋಟಿಸು ಕಳಿಸಿತು. ಎರಡು ಕಡೆ ಬೇರೆ ವಕೀಲರು ಅರ್ಜಿಯಿಂದ ಅವಳ ಪುಸ್ತಕವನ್ನು ಕಿತ್ತುಹಾಕಿದರು. ಕೊನೆಗೆ ಮಾಂತುಗೆ ಜಾಮೀನು ಸಿಕ್ಕದ್ದು ಪೊಲೀಸರು ಗಡುವಿನೊಳಗೆ ಆರೋಪಪಟ್ಟಿ ಹಾಕದೇ ಹೋದದ್ದರಿಂದ. ಅವಳ ಸತ್ಯವೂ ಉಪಯೋಗಕ್ಕೆ ಬರಲಿಲ್ಲ, ಸುಳ್ಳೂ ಬರಲಿಲ್ಲ. ಜಾಮೀನಿಗೊಂದು ಷರತ್ತಿತ್ತು: ಪ್ರತಿ ಸೋಮವಾರ ಠಾಣೆಗೆ ಬಂದು ಹಾಜರಿ ಹಾಕಬೇಕು. ಮುತ್ತಜ್ಜನ ಹಾಜರಿ ಮರಿಮಗನಿಗೆ ಬಂತು.

ಈ ಮಾಘದಲ್ಲಿ ನಾಗವ್ವನ ಮೊಮ್ಮಗಳನ್ನು, ಮಾಂತುವಿನ ಅಣ್ಣನ ಮಗಳನ್ನು, ಕೇಳಿಕೊಂಡು ಗಂಡಿನ ಕಡೆಯವರು ಬಂದರು. ಇಂದೂಗೆ ಕರೆ ಬಂತು. ಕರೆದರಲ್ಲ ಎಂದು ಅವಳ ಕಣ್ಣು ತುಂಬಿತು. ಹೊಸ ಸೀರೆ ಉಟ್ಟು, ಹೂ-ಹಣ್ಣು ಹಿಡಿದು ಹೋದಳು. ಮಾಂತು ಎದ್ದು, "ಬರ್ರಿ ಬಾಯಾರ" ಎಂದ. ಮೂವತ್ತು ವರ್ಷದಿಂದ ಕೂರುತ್ತಿದ್ದ ಮೂಲೆಯಲ್ಲೇ ಅವಳು ಕೂತಳು. ಊರ ಮಾತಾಯಿತು, ದುಡಿಮೆಯ ಮಾತಾಯಿತು. ಗಂಡಿನ ಕಡೆಯ ಹಿರಿಯ ಹುಸೇನಪ್ಪ ಗಂಟಲು ಸರಿಮಾಡಿಕೊಂಡು, ಇನ್ನು ಬಳ್ಳಿ ಹೇಳಬೇಕವ್ವಾ ಎಂದ.

ನಾಗವ್ವ ಸೆರಗು ಹೊದ್ದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬಾಯಾರ, ನೀವು ಒಂದೀಟು ಹೊರಗ ಕುಂದರ್ರಿ."

ಇಂದೂ ಎದ್ದಳು. ಎಲ್ಲರೂ ಕಾಲು ಮಡಚಿ ದಾರಿ ಬಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಚಹಾದಂಗಡಿಯ ಹತ್ತಿರ ನಿಂತಿದ್ದ ಪೊಲೀಸನೊಬ್ಬ ಗುರುತು ಹಿಡಿದು, "ನಮಸ್ಕಾರ ಮ್ಯಾಡಮ್" ಎಂದ. ಅವಳು ತಲೆ ಎತ್ತಲಿಲ್ಲ.

ಒಳಗೆ ನಾಗವ್ವ ಶುರುಮಾಡಿದಳು. ತಗಡಿನ ಗೋಡೆ, ಮೆಲ್ಲಗೆ ಹೇಳಿದರೂ ಹೊರಗೆ ಕೇಳುತ್ತದೆ. ಮೊದಲನೆಯ ತಲೆ, ಎರಡನೆಯ ತಲೆ, ಮಗಳನ್ನು ಕೊಟ್ಟ ಊರು. ಇಂದೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ದನಿ ಕೇಳಿಸದಾಯಿತು. ಆದರೆ ಬಳ್ಳಿಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತಲ್ಲ, ತುಟಿ ತಾನಾಗಿ ಮುಂದಿನ ಹೆಸರು ಹೇಳಿತು, ಅದರ ಮುಂದಿನ ಊರನ್ನೂ ಹೇಳಿತು.