ಪಂಚಮಿಗೆ ಕರೆಯಲು ಬರುತ್ತಿದ್ದ ಅಣ್ಣ

ಹೆಂಗಸರ ಕಣ್ಣೀರು ಒರೆಸುವುದಕ್ಕೆಂದೇ ಈರಣ್ಣ ಹೆಗಲ ಮೇಲೆ ಒಂದು ಬಿಳಿಯ ಟವೆಲ್ಲು ಹಾಕಿಕೊಂಡಿರುತ್ತಿದ್ದ. ತನ್ನ ಮುಖದ ಬೆವರಿಗೆ ಅವನ ಜೇಬಿನಲ್ಲಿ ಬೇರೆ ಕರವಸ್ತ್ರವಿತ್ತು. ಇವೆರಡನ್ನು ಅವನು ಅದಲುಬದಲು ಮಾಡಿದ್ದನ್ನು ನಾನು ಕಂಡವಳಲ್ಲ. ಕೊಟ್ಟೂರಿನ ಪೇಟೆಯಲ್ಲಿ ಸೀರೆ ಅಂಗಡಿ ನಡೆಸುತ್ತಲೇ ಮುದುಕಿಯಾದವಳು ನಾನು. ಬಟ್ಟೆ ಯಾವುದು, ಯಾತಕ್ಕೆ ಎಂಬುದು ನನ್ನ ಕಣ್ಣಿಗೆ ತಪ್ಪುವುದಿಲ್ಲ.

ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಗಂಡನ ಮನೆಯಿಂದ ತವರಿಗೆ ಕರೆದೊಯ್ಯಬೇಕು. ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಿಸಬೇಕು, ಹೊಸ ಸೀರೆ ಉಡಿಸಬೇಕು. ಹೊರಡುವಾಗ ಅತ್ತಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟು ಉಡಿ ತುಂಬಿ ಕಳಿಸಬೇಕು. ಹಬ್ಬದ ಮುನ್ನಾದಿನ ಬಾಗಿಲಲ್ಲಿ ನಿಂತು ಬಸ್ಸಿನ ಸದ್ದಿಗೆ ಕಿವಿಗೊಡುವ ಹೆಣ್ಣಿಗೆ, ಕರೆಯಲು ಯಾರೂ ಬಾರದ ನೋವು ಎಂಥದೆಂದು ಹೇಳಿ ತಿಳಿಸಲಾಗದು. ಈರಣ್ಣನ ವ್ಯಾಪಾರ ನಿಂತಿದ್ದು ಆ ನೋವಿನ ಮೇಲೆ.

ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಬಸ್ ಸ್ಟ್ಯಾಂಡುಗಳಲ್ಲಿಯೂ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಣ್ಣತಮ್ಮರು ಅದಾರೇನವ್ವಾ?" ಗಂಡ ಬಿಟ್ಟವಳೋ, ಗಂಡ ಸತ್ತವಳೋ, "ಯಾರೂ ಇಲ್ರಿ" ಎಂದರೆ ಸಾಕು, ಸ್ವಂತ ತಂಗಿಯ ಸಾವಿನ ಸುದ್ದಿ ಕೇಳಿದವನಂತೆ ಅವನ ಮುಖ ಕುಸಿಯುತ್ತಿತ್ತು. ಟವೆಲ್ಲು ಹೆಗಲಿನಿಂದ ಇಳಿಯುತ್ತಿತ್ತು. "ನಾ ಇಲ್ಲೇನವ್ವಾ?" ಎನ್ನುತ್ತಿದ್ದ. ಅದು ಅವನ ಮಂತ್ರ. ಬರುವ ಪಂಚಮಿಗೆ ಅವಳನ್ನು ಹರಪನಹಳ್ಳಿಯ ತನ್ನ ಮನೆಗೆ ಕರೆತಂದು, ಹೆಂಡತಿಯ ಕೈಯಿಂದ ಉಡಿ ತುಂಬಿಸಿ, ತವರಾಗಿಬಿಡುತ್ತಿದ್ದ. ಆಮೇಲೆ ಪುಣೆಯಲ್ಲಿ ಅಡುಗೆ ಕೆಲಸವಿದೆ ಎಂಬ ಮಾತು. ಆಮೇಲೆ ರೈಲು. ಅಲ್ಲಿ ಅಡುಗೆಮನೆ ಇರಲಿಲ್ಲ. ಬೀಗ ಹಾಕಿದ ಕೋಣೆಗಳಿದ್ದವು.

ಈರಣ್ಣ ಯಾವ ಹೆಣ್ಣಿನ ಮೇಲೂ ಕೈ ಎತ್ತಿದವನಲ್ಲವೆಂದು ಈಗಲೂ ಕೆಲವರು ಮೆಚ್ಚುಗೆಯಿಂದ ಹೇಳುತ್ತಾರೆ. ನಿಜ. ಹೊಡೆಯುವ ಕೆಲಸಕ್ಕೆ ಅವನು ಪುಣೆಯಲ್ಲಿ ಬೇರೆಯವರನ್ನು ಇಟ್ಟಿದ್ದ. ತನ್ನ ಪಾಲಿಗೆ ಇಟ್ಟುಕೊಂಡದ್ದು ಮಕ್ಕಳನ್ನು. "ಕೂಸನ್ನ ಅಲ್ಲೆಲ್ಲಿ ಒಯ್ತಿ? ಸೋದರಮಾವನ ಮನ್ಯಾಗ ಇರ್ಲಿ, ಸಾಲಿ ಕಲೀಲಿ" ಎಂದು ತಾಯಂದಿರ ಕೈಯಿಂದ ಬಿಡಿಸಿಕೊಳ್ಳುತ್ತಿದ್ದ. ಮಗು ಹರಪನಹಳ್ಳಿಯಲ್ಲಿರುವವರೆಗೆ ತಾಯಿ ಪುಣೆಯಿಂದ ಓಡುವುದಿಲ್ಲ. ಹಬ್ಬಕ್ಕೆ ಕರೆಸಿದರೂ ಬಾಯಿ ಬಿಡುವುದಿಲ್ಲ. ಆ ಮಕ್ಕಳಿಗೆ ಅವನು ಫೋನಿನಲ್ಲಿ ಹೇಳಲು ಕಲಿಸಿದ ವಾಕ್ಯವೂ ಒಂದೇ: "ಮಾಮ ಚೊಲೋ ನೋಡ್ಕೊಳ್ತಾನವ್ವಾ."

ಇದೆಲ್ಲ ನನಗೆ ಗೊತ್ತಾದದ್ದು ಕೊನೆಯಲ್ಲಿ. ಅದಕ್ಕೆ ಮುಂಚೆ ಅವನು ನನ್ನ ಗಿರಾಕಿ. ವರ್ಷವರ್ಷವೂ ಹೊಸ ಹೊಸ ತಂಗಿಯರನ್ನು ಕರೆತರುವ ಔದಾರ್ಯವಂತ. ಒಂದು ವರ್ಷ ಸೀರೆಯ ಸೆರಗು ಹಿಡಿದು ನಡುಗುತ್ತಿದ್ದ ಹುಡುಗಿಯೊಬ್ಬಳನ್ನು ನಾನು ನೇರವಾಗಿ ಕೇಳಿದೆ: "ಯಾವೂರವ್ವಾ ನಿಂದು? ಇವ ನಿಂಗ ಹೆಂಗ ಅಣ್ಣಾಗಬೇಕು?" ಅವಳು ಬಾಯಿ ತೆರೆಯುವ ಮೊದಲೇ ಈರಣ್ಣ ನಕ್ಕ. "ಅಮ್ಮಾರ, ನೀವು ಸೀರಿ ಮಾರ್ರಿ. ನಿಮ್ಮನ್ನ ಕರಿಯಾಕ ಯಾವ ಅಣ್ಣಾನೂ ಬರಲಿಲ್ಲಂತ ಕಂಡೋರ ತಂಗೇರ ಮ್ಯಾಲೆ ಹೊಟ್ಟಿಕಿಚ್ಚು ಪಡ್ತೀರೇನು?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಒಡಹುಟ್ಟಿದವರಿಲ್ಲ, ಅದು ಪೇಟೆಗೆಲ್ಲ ಗೊತ್ತು. ಅಂದು ಅವನು ಆರಿಸಿದ್ದು ಜರಿಯಂಚಿನ ಹಸಿರು ಸೀರೆ. ಯಾವ ಗಂಟಿನಿಂದ ತೆಗೆದುಕೊಟ್ಟೆನೆಂಬುದೂ ನನಗೆ ನೆನಪಿದೆ.

ಹೊಸಬರನ್ನು ನಂಬಿಸಲು ಹಳಬರನ್ನು ತೋರಿಸುವುದು ಅವನ ಪದ್ಧತಿ. ಕಳೆದ ವರ್ಷದ ಪಂಚಮಿಯ ಮುನ್ನಾದಿನ ಹಡಗಲಿ ಕಡೆಯ ಹೊಸ ಹುಡುಗಿಯೊಬ್ಬಳನ್ನು ಕರೆತಂದ; ಅವಳ ಪಕ್ಕದಲ್ಲಿ, ಮಾದರಿಗೆಂದು, ಹೊಸಹಳ್ಳಿ ಹೋಬಳಿಯ ಹನುಮಕ್ಕ. ಹನುಮಕ್ಕ ಪುಣೆಗೆ ಹೋಗಿ ಹಲವು ವರ್ಷಗಳಾಗಿದ್ದವು. ಅವಳ ಮಗಳು ಸುಧಾ ಈರಣ್ಣನ ಮನೆಯಲ್ಲೇ ಬೆಳೆದು ಎದೆಯುದ್ದ ನಿಂತಿದ್ದಳು. ಆ ವಾರ ಈರಣ್ಣ ಹನುಮಕ್ಕನಿಗೆ ಹೇಳಿದ್ದನಂತೆ: "ಹುಡುಗಿ ಬೆಳದಾಳ. ಈ ಸಲ ಪುಣೇಕ ಇಬ್ಬರೂ ಜೋಡೀಲೆ ಹೋಗ್ರಿ."

ಅಂಗಡಿ ಹೆಂಗಸರಿಂದ ಗಿಜಿಗುಡುತ್ತಿತ್ತು. ಈರಣ್ಣ ಎಲ್ಲರಿಗೂ ಕೇಳುವಂತೆ, "ಹೇಳವ್ವಾ ತಂಗಿ, ನಾ ಹೆಂಗ ನೋಡ್ಕೊಂಡೀನಿ?" ಎಂದ.

"ಚೊಲೋ ನೋಡ್ಕೊಂಡಾನ್ರೀ ನಮ್ಮಣ್ಣ," ಎಂದಳು ಹನುಮಕ್ಕ. "ಅದಕ್ಕ ನಾಲ್ಕು ಮಂದಿ ಮುಂದ ಕೇಳ್ತೀನಿ. ಅಣ್ಣಾ, ಈ ಸಲ ನಂಗ ಸೀರಿ ಬ್ಯಾಡ. ನನ್ನ ಮಗಳನ್ನ ಇಲ್ಲಿಗೇ ಕರಸು. ಅತ್ತಿಗಿ ಬಂದು ಇಬ್ಬರಿಗೂ ಉಡಿ ತುಂಬ್ಲಿ. ನಾವು ನಮ್ಮೂರಿಗೆ ಹೋಗ್ತೀವಿ."

ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ ಈರಣ್ಣ. "ಹುಡುಗೀಗೆ ಸಾಲಿ ಐತಲ್ಲವ್ವಾ?"

"ಪಂಚಮಿಗೆ ಎಲ್ಲಿ ಸಾಲಿ ಅಣ್ಣಾ?"

ಹೆಂಗಸರು ನಕ್ಕರು. ಕೋಗಳಿಯಿಂದ ಸೊಸೆಗೆ ಸೀರೆ ಕೊಳ್ಳಲು ಬಂದಿದ್ದ ಒಬ್ಬ ಮುದುಕಿ ಎದ್ದು ನಿಂತು, "ಏ ಈರಣ್ಣಾ, ತಂಗಿ ಉಡಿ ಬೇಡಿದ್ರ ಇಲ್ಲ ಅಂತೀಯೇನು? ನಮ್ಮಣ್ಣ ನಾ ಕೇಳಿದ್ದಕ್ಕ ಕಟ್ಟಿದ್ದ ಎಮ್ಮಿ ಬಿಚ್ಚಿ ಕೊಟ್ಟಾನಲೇ!" ಎಂದಳು. "ಎಂಥಾ ಅಣ್ಣ ಇವ?" ಎಂದಳು ಇನ್ನೊಬ್ಬಳು.

ಹೊರಗೆ ಎಲ್ಲಿ ಕೇಳಿದ್ದರೂ ಅವನು ನಿರಾಕರಿಸುತ್ತಿದ್ದ. ಆದರೆ ಇಷ್ಟು ವರ್ಷ ನನ್ನ ಅಂಗಡಿಯಲ್ಲೇ ಕೂತು ಅಣ್ಣನೆನಿಸಿಕೊಂಡವನಿಗೆ, ಅದೇ ಹೆಂಗಸರ ಮುಂದೆ ಅಣ್ಣನಲ್ಲವೆನ್ನುವ ಬಾಯಿ ಬರಲಿಲ್ಲ. ಹಡಗಲಿಯ ಹುಡುಗಿ ಬೇರೆ ಅವನ ಮುಖವನ್ನೇ ನೋಡುತ್ತಿದ್ದಳು. ಹನುಮಕ್ಕನ ಕೈ ಮೇಜಿನ ಅಂಚನ್ನು ಹಿಡಿದ ರೀತಿ ನೋಡಿ ನಾನು, "ಫೋನ್ ಹಚ್ಚಪ್ಪಾ ಈರಣ್ಣ. ಅವರು ಬರೂತನ ಎಲ್ಲಾರಿಗೂ ಚಾ ತರಿಸ್ತೀನಿ," ಎಂದೆ. ಹೆಂಗಸರೆಲ್ಲ ಅಲ್ಲೇ ಕೂತರು. ಅವನು ಫೋನು ಮಾಡಿದ.

ಹರಪನಹಳ್ಳಿ ಬಸ್ಸಿನಲ್ಲಿ ಸುಧಾಳನ್ನು ಅವನ ಹೆಂಡತಿ ಕರೆತಂದಳು. ಕುಪ್ಪಸದ ಬಟ್ಟೆ ನಾನೇ ಕೊಟ್ಟೆ. ಅಕ್ಕಿ, ಕೊಬ್ಬರಿ ಎದುರಿನ ಕಿರಾಣಿ ಅಂಗಡಿಯಿಂದ ಬಂತು. ಉಡಿ ತುಂಬಿದ್ದಾಯಿತು. ಹನುಮಕ್ಕ ಎಡಗೈಯಲ್ಲಿ ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಬಲಗೈಯಿಂದ ಸೆರಗು ಬಿಚ್ಚಿ, ಅಷ್ಟೂ ಅಕ್ಕಿಯನ್ನು ಈರಣ್ಣನ ಕಾಲ ಬಳಿ ಸುರಿದುಬಿಟ್ಟಳು.

ತುಂಬಿದ ಉಡಿಯನ್ನು ಕೊಟ್ಟವನ ಮುಂದೆ ಸುರಿಯುವುದನ್ನು ನನ್ನ ಜನ್ಮದಲ್ಲಿ ನಾನು ನೋಡಿರಲಿಲ್ಲ. ಕೊಬ್ಬರಿ ಬಟ್ಟಲೊಂದು ಉರುಳಿ ಹೊಸ್ತಿಲಿಗೆ ಬಡಿದು ನಿಂತಿತು.

"ಲೇ ತಂಗಿ," ಎಂದಳು ಹನುಮಕ್ಕ ಹಡಗಲಿಯ ಹುಡುಗಿಗೆ, "ನಂಗೂ ಇವ ಹಿಂಗ ಅಣ್ಣ ಆಗಿದ್ದ. ಪುಣೇದಾಗ ನನ್ನ ಮಾರ್ಯಾನ. ಮುಂದ ನನ್ನ ಮಗಳನ್ನ ಮಾರಾವ ಇದ್ದ. ನಡಿ ಇಲ್ಲಿಂದ."

"ತಲಿ ಕೆಟ್ಟೈತಿ ಇಕಿಗೆ," ಎಂದು ಈರಣ್ಣ ಟವೆಲ್ಲು ತೆಗೆದು ಅವಳ ಮುಖದತ್ತ ಕೈ ಚಾಚಿದ. ಅವಳ ಕಣ್ಣು ಒಣಗಿತ್ತು. ಕೋಗಳಿಯ ಮುದುಕಿ ಆ ಕೈಯನ್ನು ಬಡಿದು ಕೆಳಗಿಳಿಸಿದಳು. ತಾಯಿ, ಮಗಳು, ಹಡಗಲಿಯ ಹುಡುಗಿ, ಆ ಮೂವರೊಂದಿಗೆ ಪೊಲೀಸ್ ಠಾಣೆಗೆ ನಾನೂ ನಡೆದೆ. ಅಂಗಡಿಯ ಬಾಗಿಲು ತೆರೆದೇ ಇತ್ತು. ಅವನ ಮನೆಯಲ್ಲಿದ್ದ ಉಳಿದ ಮಕ್ಕಳೂ ಮರುದಿನ ಹೊರಬಂದರು.

ನಾನು ಅವನನ್ನು ಕೊನೆಯದಾಗಿ ಕಂಡದ್ದು ನ್ಯಾಯಾಲಯದ ಮೆಟ್ಟಿಲ ಬಳಿ. ಪೊಲೀಸರ ನಡುವೆಯೂ ಟವೆಲ್ಲು ಹೆಗಲ ಮೇಲಿತ್ತು. ನನ್ನನ್ನು ನೋಡಿ ಅವನ ಮುಖ ಅರಳಿತು. "ಅಮ್ಮಾರ, ನೀವರ ಹೇಳ್ರಿ ನಾ ಎಂಥಾವ ಅಂತ. ಎಷ್ಟು ವರ್ಷ ನೋಡೀರಿ ನೀವು!"

"ಅದನ್ನ ಹೇಳಾಕ ಬಂದೀನಪ್ಪಾ," ಎಂದೆ.

ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ: ತಂಗಿಯರ ಮುಖ, ಅವರು ಉಟ್ಟ ಸೀರೆ, ಸುರಿದ ಅಕ್ಕಿ. ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಅವನು ಆಡಿದ ಮಾತಿಗೆ ಬಂದಾಗ ಸರ್ಕಾರಿ ವಕೀಲರು, "ಅದು ಬೇಡಮ್ಮ," ಎಂದರು. "ಬೇಕು," ಎಂದು ಅದನ್ನೂ ಹೇಳಿದೆ. ಮಾತು ಮುಗಿಸಿ ತಿರುಗಿ ನೋಡಿದರೆ, ಈರಣ್ಣ ಹೆಗಲ ಮೇಲಿನ ಬಿಳಿಯ ಟವೆಲ್ಲು ತೆಗೆದು ತನ್ನ ಮುಖವನ್ನೇ ಒರೆಸಿಕೊಳ್ಳುತ್ತಿದ್ದ.